ಕತೆ ಬರೆಯುವ ನಿಮ್ಮದೇ ದಾರಿಯನ್ನು ಕಂಡುಕೊಳ್ಳುವುದು ಹೇಗೆ

ಕತೆ ಬರೆಯುವ ಆಸೆ ಹುಟ್ಟಿದ ತಕ್ಷಣ ನಾವೆಲ್ಲ ಮಾಡುವ ಕೆಲಸ ಒಂದೇ. ದೊಡ್ಡ ಲೇಖಕರು ಹೇಗೆ ಬರೆಯುತ್ತಾರೆ ಅಂತ ಹುಡುಕುವುದು. ಬೆಳಗ್ಗೆ ನಾಲ್ಕಕ್ಕೆ ಏಳಿ, ದಿನಾ ಸಾವಿರ ಪದ ಬರೆಯಿರಿ, ಮೊದಲೇ ಅಧ್ಯಾಯಗಳ ಪಟ್ಟಿ ಹಾಕಿಕೊಳ್ಳಿ, ಹೀಗೆ ಏನೇನೋ ಸಿಗುತ್ತದೆ. ಅದನ್ನು ಒಂದು ವಾರ ಪಾಲಿಸಿ, ಎರಡನೇ ವಾರ ಅರ್ಧಕ್ಕೆ ಬಿಟ್ಟು, ಆಮೇಲೆ "ಇದೆಲ್ಲ ನನ್ನ ಕೈಲಿ ಆಗಲ್ಲ" ಅಂತ ಪುಸ್ತಕ ಮುಚ್ಚಿಡುವವರನ್ನು ನಾನು ತುಂಬಾ ನೋಡಿದ್ದೇನೆ. ನೋಡಿದಾಗೆಲ್ಲ ನಿಜಕ್ಕೂ ಬೇಜಾರಾಗುತ್ತದೆ. ಅವರ ಹತ್ತಿರ ಒಳ್ಳೆಯ ಕತೆಗಳಿದ್ದವು. ಇನ್ನೊಬ್ಬರ ದಿನಚರಿಯಲ್ಲಿ ಬದುಕಲು ಹೋಗಿ ಸೋತರು, ಅಷ್ಟೇ.

ಆ ನಾಲ್ಕು ಗಂಟೆಯ ವಿಷಯವನ್ನೇ ನೋಡಿ. ಜಪಾನಿನ ಹರುಕಿ ಮುರಕಾಮಿ ಕಾದಂಬರಿ ಬರೆಯುವಾಗ ಬೆಳಗ್ಗೆ 4ಕ್ಕೆ ಎದ್ದು ಐದಾರು ಗಂಟೆ ಬರೆಯುತ್ತಾರೆ, ಆಮೇಲೆ ಓಡುತ್ತಾರೆ ಇಲ್ಲವೇ ಈಜುತ್ತಾರೆ, ರಾತ್ರಿ 9ಕ್ಕೆ ಮಲಗುತ್ತಾರೆ. ಇದು ತುಂಬಾ ಜನರಿಗೆ ಗೊತ್ತು. ಆದರೆ 1979ರಲ್ಲಿ ಬಂದ ಅವರ ಮೊದಲ ಕಾದಂಬರಿ ಹೀಗೆ ಬರೆದದ್ದಲ್ಲ. ಆಗ ಅವರು ಟೋಕಿಯೊದಲ್ಲಿ ಜಾಝ್ ಬಾರ್ ನಡೆಸುತ್ತಿದ್ದರು. ದಿನದ ಕೆಲಸ ಮುಗಿಸಿ ಮನೆಗೆ ಬಂದು, ರಾತ್ರಿ ಹೊತ್ತು ಅಡುಗೆಮನೆಯ ಮೇಜಿನ ಮೇಲೆ ಅದನ್ನು ಬರೆದರು. ಬಾರ್ ಮಾರಿ ಪೂರ್ತಿ ಬರವಣಿಗೆಗೆ ಇಳಿದ ಮೇಲೆ ಬೆಳಗಿನ ಅಭ್ಯಾಸ ಬಂತು. ಬದುಕು ಬದಲಾದಾಗ ಬರೆಯುವ ರೀತಿಯೂ ಬದಲಾಯಿತು. ಮನೆ, ಮಕ್ಕಳು, ಆಫೀಸು ಎಲ್ಲ ಇರುವ ನಮಗೆ ಆ ಅಡುಗೆಮನೆ ಮೇಜಿನ ದಿನಗಳೇ ಹತ್ತಿರದವು, ಅಲ್ವಾ?

ಕನ್ನಡದಲ್ಲೂ ನೋಡಿ. ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಕಾರಂತರು ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದು, ಜೊತೆಗೆ ಯಕ್ಷಗಾನ, ವಿಜ್ಞಾನ, ಪ್ರವಾಸ ಅಂತ ಹತ್ತಾರು ಕಡೆ ಕೈ ಹಾಕಿದರು. ದೇವನೂರ ಮಹಾದೇವ ಬರೆದ ಕಥನ ಸಾಹಿತ್ಯ ಎಲ್ಲ ಸೇರಿಸಿದರೂ ಮೂರು ತೆಳ್ಳನೆಯ ಪುಸ್ತಕ. ಈ ಮೂವರನ್ನೂ ಒಂದೇ ವೇಳಾಪಟ್ಟಿಗೆ ಕಟ್ಟಿಹಾಕಿದ್ದರೆ ಏನಾಗುತ್ತಿತ್ತು, ಯೋಚಿಸಿ. ಹಾಗಾಗಿ ಸರಿಯಾದ ರೀತಿ ಯಾವುದು ಅನ್ನುವ ಪ್ರಶ್ನೆಯನ್ನು ಪಕ್ಕಕ್ಕಿಡೋಣ. ನಿಮ್ಮ ರೀತಿ ಯಾವುದು ಅಂತ ಪತ್ತೆಹಚ್ಚುವುದು ಹೇಗೆ, ಅದಷ್ಟೇ ಇಲ್ಲಿನ ವಿಷಯ.

ಮುಗಿಸಿದ ಕತೆಯಿಂದ ಶುರು ಮಾಡಿ

ನೀವು ಈಗಾಗಲೇ ಮುಗಿಸಿರುವ ಒಂದು ಕತೆ ತೆಗೆದುಕೊಳ್ಳಿ. ಕಾಲೇಜು ಮ್ಯಾಗಜಿನ್‌ಗೆ ಬರೆದದ್ದಾದರೂ ಪರವಾಗಿಲ್ಲ, ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ, ಮುಗಿದಿರಬೇಕು ಅಷ್ಟೇ. ಕತೆಯೇ ಇಲ್ಲದಿದ್ದರೆ ನೀವು ಮನಸ್ಸಿಟ್ಟು ಬರೆದ ಒಂದು ಉದ್ದನೆಯ ಪತ್ರವೋ, ಅಜ್ಜಿ ತೀರಿಕೊಂಡಾಗ ಫೇಸ್‌ಬುಕ್ಕಿನಲ್ಲಿ ಬರೆದ ಬರಹವೋ ಆಗಬಹುದು. ಈಗ ಒಂದು ಹಾಳೆಯಲ್ಲಿ ಅದು ಹುಟ್ಟಿದ ರೀತಿಯನ್ನು ನೆನಪಿದ್ದಷ್ಟು ಬರೆಯಿರಿ. ಮೊದಲು ಏನು ಹೊಳೆಯಿತು: ಒಬ್ಬ ಮನುಷ್ಯನೋ, ಯಾರೋ ಆಡಿದ ಒಂದು ಮಾತೋ, ಒಂದು ಜಾಗವೋ, ಯಾವುದೋ ಅನ್ಯಾಯ ನೋಡಿ ಬಂದ ಸಿಟ್ಟೋ? ಹೊಳೆದದ್ದಕ್ಕೂ ಬರೆಯಲು ಕೂತದ್ದಕ್ಕೂ ನಡುವೆ ಎಷ್ಟು ಕಾಲ ಕಳೆಯಿತು? ಎಲ್ಲಿ ಕೂತು ಬರೆದಿರಿ? ಕೊನೆ ಮೊದಲೇ ಗೊತ್ತಿತ್ತಾ? ಎಲ್ಲಿ ನಿಂತುಹೋಯಿತು, ಮತ್ತೆ ಹೇಗೆ ಹೊರಟಿತು? ಮೊದಲು ಯಾರಿಗೆ ತೋರಿಸಿದಿರಿ?

ಹೀಗೆ ಎರಡು ಮೂರು ಬರಹಗಳಿಗೆ ಮಾಡಿದರೆ ಕೆಲವು ವಿಷಯಗಳು ಮತ್ತೆ ಮತ್ತೆ ಬರುವುದು ಕಾಣುತ್ತದೆ. ನಿಮ್ಮ ಎಲ್ಲ ಕತೆಗಳೂ ಯಾರದೋ ಮಾತಿನಿಂದಲೇ ಹುಟ್ಟಿರಬಹುದು. ಊರಿಂದ ದೂರ ಇದ್ದಾಗಲೇ ಬಂದಿರಬಹುದು. ಯಾರಿಗೋ ಒಂದು ತಾರೀಖಿಗೆ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದರಿಂದಲೇ ಮುಗಿದಿರಬಹುದು. ಇದು ನಿಮ್ಮದೇ ಅಭ್ಯಾಸ, ಆಗಲೇ ಕೆಲಸ ಮಾಡಿ ತೋರಿಸಿದ ಅಭ್ಯಾಸ. ಯಾವ ಪುಸ್ತಕದ ಸಲಹೆಗಿಂತಲೂ ನಾನು ಇದನ್ನು ಜಾಸ್ತಿ ನಂಬುತ್ತೇನೆ. ಹೊಸದಾಗಿ ಏನನ್ನಾದರೂ ಸೇರಿಸುವುದು ಇದರ ಮೇಲೆ.

ಅರ್ಧಕ್ಕೆ ನಿಂತ ಕತೆಗಳನ್ನೂ ಒಮ್ಮೆ ನೋಡಿ. ಎಲ್ಲಿ ನಿಂತಿವೆ ಅನ್ನುವುದು ಮುಖ್ಯ. ಎಲ್ಲವೂ ಎರಡನೇ ಪುಟದಲ್ಲೇ ನಿಂತಿದ್ದರೆ ನೀವು ಬೇಗ ಬರೆಯಲು ಕೂರುತ್ತಿದ್ದೀರಿ, ಕತೆ ಇನ್ನೂ ಮನಸ್ಸಿನಲ್ಲಿ ಮಾಗಿಲ್ಲ. ಮುಕ್ಕಾಲು ಭಾಗ ಬಂದು ನಿಲ್ಲುತ್ತಿದ್ದರೆ ಕೊನೆ ಯೋಚಿಸದೆ ಹೊರಡುತ್ತಿದ್ದೀರಿ ಅಥವಾ ಕೊನೆ ಗೊತ್ತಿದ್ದೂ ಅದನ್ನು ಬರೆಯಲು ಮನಸ್ಸು ಹಿಂಜರಿಯುತ್ತಿದೆ. ಎರಡಕ್ಕೂ ಮದ್ದು ಬೇರೆ.

ದೂರ ಬೇಕಾ, ಹತ್ತಿರ ಬೇಕಾ

ಅನಂತಮೂರ್ತಿ ತಮ್ಮ ಮೊದಲ ಕಾದಂಬರಿ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ತಮ್ಮ ಅಧ್ಯಾಪಕ ಮಾಲ್ಕಮ್ ಬ್ರಾಡ್‌ಬರಿ ಜೊತೆ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ಒಂದು ಸಿನಿಮಾ ನೋಡಿ, ಅದರ ಗುಂಗಿನಲ್ಲಿ ಮಲೆನಾಡಿನ ಅಗ್ರಹಾರದ ಕತೆ ಬರೆದರು. 1965ರಲ್ಲಿ ಅದು ಪುಸ್ತಕವಾಗಿ ಬಂತು. ಯಶವಂತ ಚಿತ್ತಾಲರು ಬದುಕಿನ ಬಹುಪಾಲು ಇದ್ದದ್ದು ಮುಂಬೈಯಲ್ಲಿ, ಆದರೆ ಅವರ ಎಷ್ಟೋ ಕತೆಗಳು ಉತ್ತರ ಕನ್ನಡದ ಹನೇಹಳ್ಳಿಯಲ್ಲೇ ನಡೆಯುತ್ತವೆ. ಇವರಿಗೆ ಊರು ಕಾಣಲು ದೂರ ನೆರವಾಯಿತು ಅಂತ ನನಗೆ ಅನ್ನಿಸುತ್ತದೆ. ತೇಜಸ್ವಿ ಇದಕ್ಕೆ ಪೂರ್ತಿ ತಿರುಗಾಮುರುಗಾ. ಮೂಡಿಗೆರೆಯ ತೋಟದಲ್ಲೇ ಇದ್ದು, ಮೀನು ಹಿಡಿಯುತ್ತಾ, ಹಕ್ಕಿಗಳ ಫೋಟೊ ತೆಗೆಯುತ್ತಾ, ಸುತ್ತಲಿನ ಜನರ ನಡುವೆಯೇ ಬರೆದರು. ಭೈರಪ್ಪನವರದು ಇನ್ನೂ ಒಂದು ಬಗೆ. 1979ರಲ್ಲಿ ಬಂದ ಅವರ ಮಹಾಭಾರತದ ಕಾದಂಬರಿಗಾಗಿ ಕುರುಕ್ಷೇತ್ರ, ದ್ವಾರಕೆ, ಹಿಮಾಲಯದ ತಪ್ಪಲು ಅಂತ ಸುತ್ತಾಡಿ, ಓದಿ, ಆಮೇಲೆ ಬರೆಯಲು ಕೂತವರು. ಆ ಅನುಭವವನ್ನೂ ಅವರೇ ಬರೆದಿದ್ದಾರೆ.

ನೀವು ಯಾವ ಪೈಕಿ ಅಂತ ತಿಳಿಯಲು ಒಂದು ಸಣ್ಣ ಪರೀಕ್ಷೆ. ನೀವು ಬಿಟ್ಟುಬಂದ ಊರಿನ ಒಂದು ಜಾಗದ ಬಗ್ಗೆ ಬರೀ ನೆನಪಿನಿಂದ ಒಂದು ಪುಟ ಬರೆಯಿರಿ: ಹಳೇ ಶಾಲೆ, ಸಂತೆ, ಹೊಳೆದಂಡೆ, ಯಾವುದಾದರೂ ಸರಿ. ಇನ್ನೊಂದು ದಿನ ಬಸ್ ಸ್ಟ್ಯಾಂಡಿನಲ್ಲೋ ತಾಲೂಕು ಕಚೇರಿಯ ಜಗಲಿಯಲ್ಲೋ ಕೂತು, ಕಣ್ಣೆದುರು ಇರುವುದನ್ನೇ ಒಂದು ಪುಟ ಬರೆಯಿರಿ. ಒಂದು ವಾರ ಬಿಟ್ಟು ಎರಡನ್ನೂ ಓದಿ. ಒಂದರಲ್ಲಿ ಜನ ಓಡಾಡುತ್ತಿರುತ್ತಾರೆ, ಇನ್ನೊಂದರಲ್ಲಿ ಬರೀ ವಿವರ ಇರುತ್ತದೆ. ಜನ ಓಡಾಡುವ ಕಡೆಗೆ ನಿಮ್ಮ ಅಭ್ಯಾಸವನ್ನು ತಿರುಗಿಸಿ.

ಟಿಪ್ಪಣಿ ಪುಸ್ತಕ ಎಲ್ಲರೂ ಇಟ್ಟುಕೊಳ್ಳಿ ಅನ್ನುತ್ತಾರೆ, ಅದರಲ್ಲಿ ಏನು ಬರೆಯಬೇಕು ಅಂತ ಹೇಳುವುದು ಕಡಿಮೆ. "ಅತ್ತೆ ಸೊಸೆ ಜಗಳದ ಬಗ್ಗೆ ಕತೆ" ಅಂತ ಬರೆದಿಟ್ಟರೆ ಆರು ತಿಂಗಳ ಮೇಲೆ ಅದರಿಂದ ಏನೂ ಹುಟ್ಟುವುದಿಲ್ಲ. ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳಿ, ಆಗ ಕೈಯಲ್ಲಿ ಏನಿತ್ತು, ಎದುರಿಗಿದ್ದವರು ಏನು ಮಾಡಿದರು ಅದನ್ನೂ ಬರೆದುಕೊಳ್ಳಿ. ಬರೆಯಲು ಆಗದ ಜಾಗದಲ್ಲಿ ಫೋನಿನಲ್ಲಿ ನಿಮ್ಮ ದನಿಯಲ್ಲೇ ಹೇಳಿ ರೆಕಾರ್ಡ್ ಮಾಡಿಕೊಳ್ಳಿ.

ಯಾವ ಕನ್ನಡದಲ್ಲಿ ಕರಡು ಬರೆಯುತ್ತೀರಿ

ಕನ್ನಡದಲ್ಲಿ ಬರೆಯುವವರಿಗೆ ಇದು ದೊಡ್ಡ ವಿಷಯ, ಆದರೂ ಇದರ ಬಗ್ಗೆ ಮಾತು ಕಡಿಮೆ. ನಾವು ಮನೆಯಲ್ಲಿ ಆಡುವ ಭಾಷೆ ಒಂದು. ಶಾಲೆಯಲ್ಲಿ ಬರೆಯಲು ಕಲಿತದ್ದು ಇನ್ನೊಂದು. ಪೆನ್ನು ಹಿಡಿದ ಕೂಡಲೇ ಶಾಲೆಯ ಭಾಷೆ ಬಂದು ಕೂರುತ್ತದೆ, ಧಾರವಾಡದ ಅಜ್ಜನೂ ಮಂಡ್ಯದ ಹುಡುಗಿಯೂ ಪಠ್ಯಪುಸ್ತಕದ ಹಾಗೆ ಮಾತಾಡತೊಡಗುತ್ತಾರೆ. ಎಷ್ಟೋ ಕತೆಗಳು ಮೊದಲ ಪುಟದಲ್ಲೇ ಸಪ್ಪೆಯಾಗುವುದು ಇದರಿಂದ.

ನನ್ನ ಸಲಹೆ ಇದು. ಒಂದು ದೃಶ್ಯವನ್ನು ಮೊದಲು ಬಾಯಲ್ಲಿ ಹೇಳಿ. ಮನೆಯವರಿಗೆ ನಡೆದ ಸಂಗತಿ ಹೇಳುವ ಹಾಗೆ, ನಿಮ್ಮ ಊರಿನ ಮಾತಿನಲ್ಲಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಅದನ್ನು ಕೇಳುತ್ತಾ ಕೈಯಾರೆ ಬರೆದುಕೊಳ್ಳಿ. ಧ್ವನಿಯಿಂದ ತಾನೇ ಟೈಪಾಗುವ ಸೌಲಭ್ಯ ಬಳಸಬಹುದು, ಆದರೆ ಅದು ಪುಸ್ತಕದ ಕನ್ನಡವನ್ನು ಹಿಡಿದಷ್ಟು ಚೆನ್ನಾಗಿ ಆಡುಮಾತನ್ನು ಹಿಡಿಯುವುದಿಲ್ಲ, ನಿಮ್ಮ ಊರಿನ ಪದವನ್ನು ಅದಕ್ಕೆ ಗೊತ್ತಿರುವ ಬೇರೆ ಪದಕ್ಕೆ ಬದಲಿಸಿಬಿಡುತ್ತದೆ. ಹೀಗೆ ಬಂದ ಕರಡನ್ನು ಇಟ್ಟುಕೊಂಡು ನಿರೂಪಣೆಯ ಭಾಷೆ ಎಷ್ಟು ಆಡುಮಾತಾಗಬೇಕು, ಸಂಭಾಷಣೆ ಎಷ್ಟಾಗಬೇಕು ಅಂತ ತೀರ್ಮಾನಿಸಿ. 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ದೇವನೂರರ 'ಕುಸುಮಬಾಲೆ'ಯಲ್ಲಿ ನಿರೂಪಣೆಯೇ ಆಡುಮಾತಿನ ಲಯದಲ್ಲಿದೆ. ಎಲ್ಲರೂ ಅಷ್ಟು ದೂರ ಹೋಗಬೇಕಿಲ್ಲ. ನಿರೂಪಣೆ ಬರಹದ ಕನ್ನಡದಲ್ಲಿ, ಮಾತು ಊರಿನ ಕನ್ನಡದಲ್ಲಿ ಇಟ್ಟು ಗೆದ್ದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆ ಆಯ್ಕೆಯನ್ನು ನೀವು ಮಾಡಬೇಕು, ಶಾಲೆಯ ಅಭ್ಯಾಸ ನಿಮಗಾಗಿ ಮಾಡಬಾರದು.

ಬಾಯಲ್ಲಿ ಹೇಳುವುದು ಕೀಳು ದಾರಿ ಅಂತ ಯಾರಿಗಾದರೂ ಅನ್ನಿಸಿದರೆ, ಅನಂತಮೂರ್ತಿಯವರ ಆತ್ಮಕತೆಯನ್ನೇ ಅವರು ಹೇಳುತ್ತಾ ಹೋದದ್ದನ್ನು ಜ.ನಾ. ತೇಜಶ್ರೀ ಬರೆದುಕೊಂಡರು ಅನ್ನುವುದನ್ನು ನೆನಪಿಸಿಕೊಳ್ಳಿ.

ಹೊತ್ತು ಎಲ್ಲಿಂದ ತರುವುದು

ಪೂರ್ತಿ ಸಮಯ ಸಿಕ್ಕರೆ ಬರೆಯುತ್ತೇನೆ ಅನ್ನುವುದನ್ನು ಬಿಟ್ಟುಬಿಡಿ. ಮಾಸ್ತಿ ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದುಕೊಂಡೇ ಸಣ್ಣಕತೆಗಳನ್ನು ಬರೆದರು. ಚಿತ್ತಾಲರು ರಾಸಾಯನಿಕ ಉದ್ಯಮದಲ್ಲಿದ್ದರು, ಜಯಂತ ಕಾಯ್ಕಿಣಿ ಮುಂಬೈಯಲ್ಲಿ ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಬಾನು ಮುಷ್ತಾಕ್ ಹಾಸನದ ವಕೀಲರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಅವರ ಸಂಕಲನದಲ್ಲಿ ಇರುವುದು 12 ಕತೆ, ಅವು 1990ರಿಂದ 2023ರವರೆಗೆ, ಮೂವತ್ತು ವರ್ಷಕ್ಕೂ ಮೀರಿದ ಅವಧಿಯಲ್ಲಿ ಬರೆದವು. ತ್ರಿವೇಣಿಯವರ ಮೊದಲ ಕಾದಂಬರಿ 1953ರಲ್ಲಿ ಬಂತು, 1963ರಲ್ಲಿ ಅವರು ತೀರಿಕೊಂಡರು, ಅಷ್ಟರಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದಿದ್ದರು. ನಿಧಾನವೂ ಆಗಬಹುದು, ವೇಗವೂ ಆಗಬಹುದು.

ಇಲ್ಲಿ ಮಾಡಬೇಕಾದದ್ದು ಕೆಲಸವನ್ನೂ ಹೊತ್ತನ್ನೂ ಹೊಂದಿಸುವುದು. ಕತೆ ಬರೆಯುವುದು ಒಂದೇ ಕೆಲಸ ಅಲ್ಲ. ಹೊಸ ದೃಶ್ಯ ಬರೆಯಲು ಯಾರೂ ಕರೆಯದ ಒಂದು ಒಂದೂವರೆ ಗಂಟೆ ಬೇಕು. ಬರೆದದ್ದನ್ನು ತಿದ್ದಲು ಇಪ್ಪತ್ತು ನಿಮಿಷದ ತುಂಡುಗಳು ಸಾಕು. ಮುಂದಿನ ದೃಶ್ಯ ಯೋಚಿಸಲು ಮೇಜೇ ಬೇಡ, ಪಾತ್ರೆ ತೊಳೆಯುವಾಗ, ವಾಕಿಂಗ್ ಹೋಗುವಾಗ, ತುಮಕೂರಿನಿಂದ ಬೆಂಗಳೂರಿಗೆ ಬರುವ ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಮಾಡಬಹುದು. ನಿಮ್ಮ ಒಂದು ವಾರವನ್ನು ಎದುರಿಗಿಟ್ಟುಕೊಂಡು ಇವನ್ನು ಹಂಚಿ. ಹೊಸದಾಗಿ ಬರೆಯುವ ಉದ್ದನೆಯ ಹೊತ್ತು ವಾರಕ್ಕೆ ಎರಡು ಸಿಕ್ಕರೂ ಒಂದು ಸಣ್ಣಕತೆ ಮುಂದೆ ಹೋಗುತ್ತದೆ. ಮನೆಯಲ್ಲಿ ಇರುವವರು, ಅದರಲ್ಲೂ ಅಡುಗೆ ಮಕ್ಕಳು ಹಿರಿಯರು ಎಲ್ಲವನ್ನೂ ನೋಡಿಕೊಳ್ಳುವ ಹೆಣ್ಣುಮಕ್ಕಳು, ಆ ಎರಡು ಹೊತ್ತನ್ನೂ ಕೇಳಿಯೇ ಪಡೆಯಬೇಕಾಗುತ್ತದೆ. ಕೇಳಿ. "ಬುಧವಾರ ಸಂಜೆ ನಾನು ಬರೆಯುತ್ತೇನೆ" ಅಂತ ಮನೆಯವರಿಗೆಲ್ಲ ಗೊತ್ತಿರಲಿ, ಆ ಹೊತ್ತಿನ ಅಡುಗೆ ಇನ್ನೊಬ್ಬರದ್ದಾಗಲಿ. ಮನೆಯೊಳಗೆ ಆಗದಿದ್ದರೆ ಹತ್ತಿರದ ಗ್ರಂಥಾಲಯಕ್ಕೆ ಹೋಗಿ ಕೂರಿ.

ಪದದ ಲೆಕ್ಕದ ಬಗ್ಗೆ ಒಂದು ಮಾತು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ಕೆಲಸಕ್ಕೆ ಹೋಗುವ ಮೊದಲು, ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. ಕೆಲವರಿಗೆ ಇಂಥ ಲೆಕ್ಕ ನಿಜಕ್ಕೂ ಹುರುಪು ಕೊಡುತ್ತದೆ. ಆದರೆ ಇಂಗ್ಲಿಷಿನ ದಿನಕ್ಕೆ ಸಾವಿರ ಪದವನ್ನು ಕನ್ನಡಕ್ಕೆ ಹಾಗೇ ತರಬೇಡಿ. ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಅದೇ ವಿಷಯಕ್ಕೆ ಪದಗಳ ಸಂಖ್ಯೆ ಕಡಿಮೆ, ಸಾವಿರ ಅಂದರೆ ಕನ್ನಡದಲ್ಲಿ ತುಂಬಾ ಜಾಸ್ತಿ ಬರವಣಿಗೆ. ಪುಟದ ಲೆಕ್ಕ ಇಟ್ಟುಕೊಳ್ಳಿ, ಇಲ್ಲವೇ ದೃಶ್ಯದ ಲೆಕ್ಕ. ನನಗಂತೂ ದೃಶ್ಯದ ಲೆಕ್ಕವೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ, ಯಾಕೆಂದರೆ ಪುಟ ತುಂಬಿಸಲು ಸುಮ್ನೆ ವರ್ಣನೆ ಎಳೆಯುವ ಆಸೆ ಅದರಲ್ಲಿ ಇರುವುದಿಲ್ಲ.

ಮೊದಲೇ ಯೋಜನೆ ಹಾಕುವುದಾ, ಬರೆಯುತ್ತಾ ಹೋಗುವುದಾ

ಎರಡೂ ಸರಿ, ಎರಡರ ನಡುವೆ ಹತ್ತು ಮೆಟ್ಟಿಲುಗಳಿವೆ. ಮುಂದಿನ ಕತೆ ಬರೆಯುವ ಮೊದಲು ಕೊನೆಯ ದೃಶ್ಯವನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಅದರಿಂದ ಬರೆಯಲು ಧೈರ್ಯ ಬಂದರೆ ನಿಮಗೆ ಯೋಜನೆ ಒಗ್ಗುತ್ತದೆ, ಅದರ ನಂತರದ ಕತೆಗೆ ಐದಾರು ದೃಶ್ಯಗಳ ಪಟ್ಟಿ ಮಾಡಿ ನೋಡಿ. ಕೊನೆ ಗೊತ್ತಾದ ಕೂಡಲೇ ಬರೆಯುವ ಆಸೆಯೇ ಹೊರಟುಹೋದರೆ ನೀವು ಕತ್ತಲಲ್ಲಿ ನಡೆದು ಹೋಗುವವರು, ನಿಮಗೆ ಪಟ್ಟಿ ಬೇಡ. ಆದರೆ ಹಾಗೆ ಬರೆಯುವವರು ತಿದ್ದಲು ಜಾಸ್ತಿ ಹೊತ್ತು ಇಟ್ಟುಕೊಳ್ಳಬೇಕು, ಮೊದಲ ಕರಡಿನ ಅರ್ಧ ಹೋದರೂ ಬೇಜಾರು ಮಾಡಿಕೊಳ್ಳಬಾರದು.

ಹಳೇ ಕಾಲದ ಕತೆಯೋ, ನಿಮಗೆ ಗೊತ್ತಿಲ್ಲದ ಕಸುಬಿನ ಕತೆಯೋ ಆದರೆ ಅಧ್ಯಯನ ಬೇಕೇ ಬೇಕು. ಅಪಾಯ ಏನೆಂದರೆ ಓದುವುದು ಸುಖ, ಬರೆಯುವುದು ಕಷ್ಟ, ಹಾಗಾಗಿ ಓದುತ್ತಲೇ ವರ್ಷ ಕಳೆಯುತ್ತದೆ. ನಿಮ್ಮ ಟಿಪ್ಪಣಿಗಳಲ್ಲಿ ಗೊತ್ತಿದ್ದ ವಿಷಯವೇ ಮತ್ತೆ ಬರಲು ಶುರುವಾದಾಗ ಓದು ನಿಲ್ಲಿಸಿ ಬರೆಯಲು ಕೂರಿ. ಬರೆಯುವಾಗ ಎತ್ತಿನಗಾಡಿಯ ಯಾವುದೋ ಭಾಗದ ಹೆಸರು ಗೊತ್ತಿಲ್ಲ ಅಂತ ಎದ್ದು ಹುಡುಕಲು ಹೋಗಬೇಡಿ. ಅಲ್ಲಿ ಎರಡು ನಕ್ಷತ್ರ ಚಿಹ್ನೆ ಹಾಕಿ ಮುಂದೆ ಹೋಗಿ. ಆಮೇಲೆ ಆ ಚಿಹ್ನೆ ಹುಡುಕಿಕೊಂಡು ಒಂದೇ ದಿನ ಎಲ್ಲವನ್ನೂ ತುಂಬಬಹುದು, ಆ ಕೆಲಸ ಮಾಡಿ ಗೊತ್ತಿರುವ ಹಿರಿಯರೊಬ್ಬರನ್ನು ಕೇಳಿದರೆ ಪುಸ್ತಕದಲ್ಲಿ ಇಲ್ಲದ ಪದವೂ ಸಿಗುತ್ತದೆ.

ಪೆನ್ನೋ ಕಂಪ್ಯೂಟರೋ ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕನ್ನಡ ಟೈಪಿಂಗ್ ನಿಮ್ಮ ಯೋಚನೆಗಿಂತ ನಿಧಾನವಾದರೆ ಮೊದಲ ಕರಡು ಕೈಯಲ್ಲಿ ಬರೆಯಿರಿ, ಟೈಪ್ ಮಾಡುವಾಗಲೇ ಒಂದು ಸಲ ತಿದ್ದಿದ ಹಾಗೂ ಆಗುತ್ತದೆ. ಟೈಪ್ ಮಾಡುವುದಾದರೆ ಯೂನಿಕೋಡ್‌ನಲ್ಲೇ ಮಾಡಿ. ಹಳೇ 'ನುಡಿ' ಅಥವಾ 'ಬರಹ' ತಂತ್ರಾಂಶದ ಅಕ್ಷರವಿನ್ಯಾಸದ ಕಡತ ಬೇರೆ ಕಂಪ್ಯೂಟರಿನಲ್ಲಿ, ಫೋನಿನಲ್ಲಿ ತೆರೆದರೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಯಾವುದಾದರೂ ಪತ್ರಿಕೆ 'ನುಡಿ'ಯಲ್ಲೇ ಕೇಳಿದರೆ ಆಗ ಬದಲಿಸಿ ಕೊಡಬಹುದು.

ನಿಂತುಹೋದಾಗ

ಕತೆ ನಿಲ್ಲಲು ಕಾರಣಗಳು ಬೇರೆ ಬೇರೆ. ಮೊದಲು ಯಾವ ಕಾರಣ ಅಂತ ನೋಡಿ. ಮುಂದೇನು ಅಂತ ಗೊತ್ತಿಲ್ಲದೆ ನಿಂತಿದ್ದರೆ ಕೊನೆಯ ಬಾರಿ ಖುಷಿಯಿಂದ ಬರೆದ ಜಾಗಕ್ಕೆ ಹಿಂದೆ ಹೋಗಿ, ಅಲ್ಲಿಂದ ಬೇರೆ ತಿರುವು ಹಿಡಿಯಿರಿ. ಮುಂದೇನು ಅಂತ ಗೊತ್ತಿದ್ದೂ ಬರೆಯಲು ಬೇಸರವಾಗುತ್ತಿದ್ದರೆ ಆ ದೃಶ್ಯವನ್ನು ಬಿಟ್ಟು ಅದರ ಮುಂದಿನದನ್ನು ಬರೆಯಿರಿ. ನಿಮಗೆ ಬೇಸರ ತಂದದ್ದು ಓದುಗರಿಗೂ ಬೇಕಾಗಿರಲಿಕ್ಕಿಲ್ಲ. ದಿನಾ ಕೂತ ಕೂಡಲೇ ಮೊದಲ ಸಾಲೇ ಬರುವುದಿಲ್ಲ ಅನ್ನುವವರು ಹಿಂದಿನ ದಿನ ಎಲ್ಲವನ್ನೂ ಬರೆದು ಖಾಲಿಯಾಗಿ ಏಳುತ್ತಿರುತ್ತಾರೆ. ಮುಂದಿನ ಸಾಲು ಗೊತ್ತಿರುವಾಗಲೇ ಏಳಿ.

ಇನ್ನೊಂದು ಕಾರಣ ಇದೆ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಊರಿನವರು ಓದಿಬಿಟ್ಟರೆ? ಚಿಕ್ಕಪ್ಪನಿಗೆ ಇದು ತನ್ನದೇ ಕತೆ ಅಂತ ಗೊತ್ತಾದರೆ? ಜಾತಿಯ ಬಗ್ಗೆ, ಮನೆಯೊಳಗಿನ ಹಿಂಸೆಯ ಬಗ್ಗೆ, ಆಸ್ತಿ ಜಗಳದ ಬಗ್ಗೆ ಬರೆಯುವವರಿಗೆ ಈ ಹೆದರಿಕೆ ಪೆನ್ನನ್ನೇ ಹಿಡಿದು ನಿಲ್ಲಿಸುತ್ತದೆ. ನೀವು ಸೋಮಾರಿ ಅಂತ ಅಂದುಕೊಂಡಿರುತ್ತೀರಿ, ನಿಜವಾಗಿ ಹೆದರಿರುತ್ತೀರಿ. ಇದಕ್ಕೆ ನಾನು ಕಂಡ ದಾರಿ: ಮೊದಲ ಕರಡನ್ನು ಯಾರಿಗೂ ತೋರಿಸುವುದಿಲ್ಲ ಅಂತ ತೀರ್ಮಾನಿಸಿ, ನಿಜವಾದ ಹೆಸರು, ನಿಜವಾದ ಮನೆ, ನಿಜವಾದ ಮಾತು ಇಟ್ಟೇ ಬರೆದು ಮುಗಿಸಿ. ಮುಗಿದ ಮೇಲೆ ಬದಲಿಸಿ. ಇಬ್ಬರನ್ನು ಸೇರಿಸಿ ಒಬ್ಬರನ್ನು ಮಾಡಿ, ಕಸುಬು ಬದಲಿಸಿ, ಗಂಡಸಿನ ಪಾತ್ರವನ್ನು ಹೆಂಗಸಾಗಿಸಿ ನೋಡಿ, ಊರನ್ನು ಬೇರೆ ಜಿಲ್ಲೆಗೆ ಒಯ್ಯಿರಿ. ಆಶ್ಚರ್ಯ ಅಂದರೆ ಹೀಗೆ ಬದಲಿಸುವಾಗಲೇ ಕತೆ ನಿಮ್ಮ ಮನೆಯ ಸಂಗತಿಯಾಗಿ ಉಳಿಯದೆ ಕತೆಯಾಗುತ್ತದೆ. ಬರೆಯುವಾಗಲೇ ಮೆತ್ತಗೆ ಮಾಡಲು ಹೋದರೆ ಮುಚ್ಚಿಟ್ಟದ್ದೆಲ್ಲ ಓದುಗರಿಗೆ ಕಾಣುತ್ತದೆ. ಬದಲಿಸಿದ ಮೇಲೂ ಒಬ್ಬರಿಗೆ ನಿಜವಾಗಿ ನೋವಾಗುತ್ತದೆ, ತೊಂದರೆಯಾಗುತ್ತದೆ ಅನ್ನಿಸಿದರೆ ಪ್ರಕಟಿಸದೆ ಇಟ್ಟುಕೊಳ್ಳುವ ಹಕ್ಕೂ ನಿಮಗಿದೆ. ಬರೆಯುವುದು ಬೇರೆ, ಅಚ್ಚಿಗೆ ಕೊಡುವುದು ಬೇರೆ.

ಗಡುವು ನಿಮಗೆ ಒಗ್ಗುತ್ತದಾ

ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥಾಸ್ಪರ್ಧೆಗಳು ಕನ್ನಡದಲ್ಲಿ ಎಷ್ಟೋ ಕತೆಗಾರರನ್ನು ಕೂರಿಸಿ ಬರೆಸಿವೆ. ಕೊನೆಯ ದಿನಾಂಕ ಇರುತ್ತದೆ, ಪದಮಿತಿ ಇರುತ್ತದೆ, ಬಹುಮಾನದ ಆಸೆಯೂ ಇರುತ್ತದೆ. ವಾರಪತ್ರಿಕೆಯ ಧಾರಾವಾಹಿ ಇನ್ನೊಂದು ಬಗೆಯ ಗಡುವು, ವಾರ ತಪ್ಪದೆ ಒಂದು ಕಂತು ಕೊಡಲೇಬೇಕು. ಈಗ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಯಾರು ಬೇಕಾದರೂ ಕಂತು ಕಂತಾಗಿ ಬರೆಯಬಹುದು, ಓದುಗರು ಅಲ್ಲೇ ಅಭಿಪ್ರಾಯ ಹೇಳುತ್ತಾರೆ. ಇದರಲ್ಲಿ ನಿಮಗೆ ಯಾವುದು ಸರಿ ಅಂತ ಒಂದೊಂದನ್ನೇ ಮಾಡಿ ನೋಡಬೇಕು. ತಾರೀಖು ಹತ್ತಿರ ಬಂದಾಗ ಕೈ ಚುರುಕಾಗುವವರು ವರ್ಷಕ್ಕೆ ಎರಡು ಸ್ಪರ್ಧೆ ಆರಿಸಿಕೊಳ್ಳಿ, ಬಹುಮಾನ ಬರದಿದ್ದರೂ ಎರಡು ಕತೆ ಮುಗಿದಿರುತ್ತವೆ. ಓದುಗರ ಅಭಿಪ್ರಾಯ ನೋಡಿದ ಕೂಡಲೇ ಮುಂದಿನ ಕಂತಿನ ತಿರುವನ್ನೇ ಬದಲಿಸುವ ಸ್ವಭಾವ ನಿಮ್ಮದಾದರೆ ಪೂರ್ತಿ ಬರೆದು ಮುಗಿಸುವವರೆಗೆ ಒಂದು ಸಾಲನ್ನೂ ಹೊರಗೆ ಹಾಕಬೇಡಿ.

ತಿದ್ದುವುದಕ್ಕೂ ನಿಮ್ಮದೇ ಕ್ರಮ ಇರಲಿ

ಕರಡು ಮುಗಿದ ಮೇಲೆ ಕೆಲವು ವಾರ ಅದನ್ನು ಮುಟ್ಟಬೇಡಿ. ಆಮೇಲೆ ಜೋರಾಗಿ ಓದಿ. ಕನ್ನಡದ ತಪ್ಪು ಕಿವಿಗೆ ಬೇಗ ಸಿಕ್ಕಿಬೀಳುತ್ತದೆ, ನಾಲಿಗೆ ತಡವರಿಸಿದ ಕಡೆಯೆಲ್ಲ ಗುರುತು ಹಾಕಿ. ಎಲ್ಲವನ್ನೂ ಒಂದೇ ಸಲ ತಿದ್ದಲು ಹೋಗಬೇಡಿ. ಮೊದಲು ದೃಶ್ಯಗಳು ಇರಬೇಕಾದ ಕಡೆ ಇವೆಯಾ ಅಂತ ನೋಡಿ, ಅದಾದ ಮೇಲೆ ಬರೀ ಸಂಭಾಷಣೆ ಓದಿ, ಆಮೇಲೆ ವಾಕ್ಯಗಳು. ಕಾಗುಣಿತ, ಅಲ್ಪಪ್ರಾಣ ಮಹಾಪ್ರಾಣ, ಅಕಾರ ಹಕಾರ ಎಲ್ಲ ಕಟ್ಟಕಡೆಗೆ, ಯಾಕೆಂದರೆ ನಾಳೆ ಕಿತ್ತುಹಾಕುವ ಪ್ಯಾರಾದ ಕಾಗುಣಿತ ಇವತ್ತು ತಿದ್ದುವುದು ದಂಡ. ಮೊದಲ ಪುಟವನ್ನು ಪೂರ್ತಿ ತೆಗೆದು ಕತೆ ಓದಿ ನೋಡಿ. ಮುಂಜಾವು, ಮಂಜು, ಕೋಳಿ ಕೂಗು, ಎದ್ದು ಕಾಫಿ ಕುಡಿದದ್ದು, ಇವೆಲ್ಲ ನಮಗೆ ಕತೆಯೊಳಗೆ ಹೋಗಲು ಬೇಕಾಗಿದ್ದವು, ಓದುಗರಿಗೆ ಬೇಕಾಗಿರುವುದಿಲ್ಲ.

ಮೊದಲ ಓದುಗರನ್ನು ಆರಿಸುವಾಗ "ಸೂಪರ್" ಅನ್ನುವವರನ್ನು ಬಿಡಿ. ಕತೆ ಓದುವ ಅಭ್ಯಾಸ ಇರುವ, ನಿಮ್ಮ ಜೊತೆ ಪೈಪೋಟಿ ಇಲ್ಲದ ಒಬ್ಬರು ಸಾಕು. ಅವರಿಗೆ "ಹೇಗಿದೆ?" ಅಂತ ಕೇಳಬೇಡಿ. ಎಲ್ಲಿ ಓದು ನಿಲ್ಲಿಸಬೇಕು ಅನ್ನಿಸಿತು, ಯಾರ ಮಾತು ನಂಬಲು ಆಗಲಿಲ್ಲ, ನಡುವೆ ಬಂದಾಗ ಮುಂದೆ ಏನಾಗುತ್ತದೆ ಅಂದುಕೊಂಡಿರಿ, ಇಷ್ಟು ಕೇಳಿ. ಅವರು ಹೇಳಿದ ಪರಿಹಾರವನ್ನು ತೆಗೆದುಕೊಳ್ಳಲೇಬೇಕು ಅಂತಿಲ್ಲ, ಆದರೆ ಅವರು ಎಡವಿದ ಜಾಗದಲ್ಲಿ ಏನೋ ತೊಂದರೆ ಇದ್ದೇ ಇರುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ

ಇಷ್ಟೆಲ್ಲ ಓದಿ ನಾಳೆಯಿಂದ ಎಲ್ಲವನ್ನೂ ಶುರು ಮಾಡಬೇಡಿ. ಒಂದು ಕತೆಗೆ ಒಂದೇ ಬದಲಾವಣೆ. ಈ ಕತೆಯನ್ನು ಬಾಯಲ್ಲಿ ಹೇಳಿ ಶುರು ಮಾಡಿದರೆ ಉಳಿದದ್ದೆಲ್ಲ ಹಳೇ ರೀತಿಯಲ್ಲೇ ಇರಲಿ. ಇಲ್ಲದಿದ್ದರೆ ಕತೆ ಚೆನ್ನಾಗಿ ಬಂದರೂ ಯಾವುದರಿಂದ ಬಂತು ಅಂತ ತಿಳಿಯುವುದಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಪುಸ್ತಕ ಇಡಿ. ಬರೆದು ಏಳುವಾಗ ಒಂದು ಸಾಲು: ತಾರೀಖು, ಎಲ್ಲಿ ಕೂತದ್ದು, ಎಷ್ಟು ಹೊತ್ತು, ಏನಾಯಿತು, ನಾಳೆ ಎಲ್ಲಿಂದ ಶುರು. ಇದು ದಿನಚರಿ ಅಲ್ಲ, ಮನಸ್ಸಿನ ಮಾತು ಬರೆಯಬೇಡಿ. ಎರಡು ಮೂರು ಕತೆ ಮುಗಿದ ಮೇಲೆ ತಿರುವಿ ನೋಡಿದರೆ, ನಿಮಗೆ ಬೆಳಗ್ಗೆ ಒಳ್ಳೆಯದು ಅಂದುಕೊಂಡಿದ್ದರೂ ಚೆನ್ನಾಗಿ ಬಂದ ದೃಶ್ಯಗಳೆಲ್ಲ ಭಾನುವಾರ ಮಧ್ಯಾಹ್ನದವು ಅಂತ ಗೊತ್ತಾಗಬಹುದು.

ಸಣ್ಣಕತೆಗೆ ಕೂಡಿಬಂದ ರೀತಿ ಕಾದಂಬರಿಗೆ ಕೂಡಿಬರದೇ ಇರಬಹುದು. ಕುವೆಂಪು ಬರೆದದ್ದು ಎರಡೇ ದೊಡ್ಡ ಕಾದಂಬರಿ, ಒಂದು 1936ರಲ್ಲಿ ಬಂತು, ಇನ್ನೊಂದು 1967ರಲ್ಲಿ. ಎರಡೂ ಮಲೆನಾಡಿನ ಕತೆಗಳೇ ಆದರೂ ಕಟ್ಟಿದ ರೀತಿ ಬೇರೆ. ಮೊದಲನೆಯದು ಒಬ್ಬ ನಾಯಕನ ಸುತ್ತ ಬೆಳೆಯುತ್ತದೆ, ಎರಡನೆಯದರಲ್ಲಿ ಹತ್ತಾರು ಜನರ ಕತೆಗಳು ಒಂದರೊಳಗೊಂದು ಹೆಣೆದುಕೊಂಡು ಸಾಗುತ್ತವೆ. ಹೊಸ ಕೃತಿ ಹೊಸದನ್ನು ಕೇಳಿದಾಗ ಹಳೇ ಕ್ರಮವನ್ನು ಹಿಡಿದು ಜಗ್ಗಬೇಡಿ. ಕೆಲಸ ಬದಲಾದಾಗ, ಮಗು ಹುಟ್ಟಿದಾಗ, ಮನೆಯಲ್ಲಿ ಯಾರಿಗೋ ಕಾಯಿಲೆಯಾದಾಗ ಕ್ರಮ ಮುರಿದುಬೀಳುತ್ತದೆ. ಆಗ ಆ ಸಣ್ಣ ಪುಸ್ತಕ ತೆಗೆದು, ನಿಮಗೆ ಯಾವತ್ತೂ ಕೈಕೊಡದ ಎರಡು ಅಂಶ ಯಾವುವು ಅಂತ ನೋಡಿ ಅಷ್ಟನ್ನೇ ಉಳಿಸಿಕೊಳ್ಳಿ.

ಈಗಾಗಲೇ ಅರ್ಧ ಬರೆದ ಕಾದಂಬರಿಯೊಂದು ಮನೆಯಲ್ಲಿ ಬಿದ್ದಿದ್ದರೆ ಅದನ್ನು ಮೊದಲಿನಿಂದ ತಿದ್ದುತ್ತಾ ಬರಬೇಡಿ, ಪ್ರತಿಸಲವೂ ಅದೇ ಜಾಗದಲ್ಲಿ ಸುಸ್ತಾಗುತ್ತೀರಿ. ಕೊನೆಯ ಹತ್ತು ಪುಟ ಮಾತ್ರ ಓದಿ, ಆ ಪಾತ್ರಗಳಲ್ಲಿ ಯಾರ ಬಗ್ಗೆ ಈಗಲೂ ಕುತೂಹಲ ಇದೆಯೋ ಅವರು ಬರುವ ಒಂದು ಹೊಸ ದೃಶ್ಯವನ್ನು, ಅದು ಕತೆಯಲ್ಲಿ ಎಲ್ಲಿ ಬರುತ್ತದೆ ಅಂತ ಯೋಚಿಸದೆ, ಈ ವಾರ ಬರೆಯಿರಿ.